ಕಟ್ಟಿಟ್ಟ ಕೊನೆಯ ಅಧ್ಯಾಯ

ಫೆಬ್ರವರಿ ೪

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ಅಮ್ಮನ ಬಾಯಿಯೂ ಹಾಗೇ ಇದೆ. ಟೆಲಿಫೋನಿನಲ್ಲಿ ಮಾತಾಡಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ಬೇರೇನೋ ಉತ್ತರ ಕೊಡುತ್ತೀಯ. ಹಾಗಾಗಿ ಕಾಗದವೇ ವಾಸಿ.

ಅಪ್ಪ ಹೋಗಿ ವರ್ಷವಾಯಿತಲ್ಲ, ಕಳೆದ ವಾರ ಅವರ ಟ್ರಂಕು ತೆಗೆದೆ. ಪ್ರೂಫ್ ತಿದ್ದುತ್ತಿದ್ದ ಕೆಂಪು ಪೆನ್ಸಿಲಿನ ಮೋಟುಗಳು, ಒಂದು ಭೂತಗನ್ನಡಿ, ಅದರ ಕೆಳಗೆ ನಮ್ಮ ಸಾಹಸದ ಪುಸ್ತಕಗಳು. ಒಂದನ್ನೂ ಬಿಸಾಡಿಲ್ಲ. ನಿನಗೆ ನೆನಪಿದ್ದೇ ಇರುತ್ತದೆ. ಪ್ರೆಸ್ಸಿನಿಂದ ಪುಸ್ತಕ ತಂದ ದಿನವೇ ಅಪ್ಪ ಕೊನೆಯ ಅಧ್ಯಾಯದ ಹಾಳೆಗಳಿಗೆ ದಬ್ಬಳದಿಂದ ಎರಡು ತೂತು ಹೊಡೆದು, ದಾರ ಪೋಣಿಸಿ ಗಂಟು ಹಾಕಿಬಿಡುತ್ತಿದ್ದರು. ವಾರವೆಲ್ಲ ಮಿಕ್ಕಿದ್ದನ್ನು ಓದಬೇಕು. ಭಾನುವಾರ ಕಥೆಯಲ್ಲಿ ಬರುವಂಥದೇ ಒಂದು ಜಾಗಕ್ಕೆ ಎಲ್ಲರೂ ಹೊರಡಬೇಕು. ಅಲ್ಲಿ ಊಟದ ಡಬ್ಬಿ ಬಿಚ್ಚಿದ ಮೇಲೆ ಅಪ್ಪ ದಾರ ಕತ್ತರಿಸಿ ಕೊನೆಯ ಅಧ್ಯಾಯ ಓದುತ್ತಿದ್ದರು. ಅಲ್ಲಿಯವರೆಗೆ ಕೊನೆ ಏನಿರಬಹುದೆಂದು ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟವರಿಗೆ ಮುಂದಿನ ಭಾನುವಾರ ಮನೆಯೇ ಗತಿ.

ಅದನ್ನೇ ಮತ್ತೆ ಶುರುಮಾಡಬೇಕೆಂದಿದ್ದೇನೆ. ನಾನು ವಾರವಿಡೀ ಯಾರ್ಯಾರದೋ ಕಟ್ಟಡಗಳಲ್ಲಿ ಲಿಫ್ಟಿನ ಹೊಂಡಕ್ಕಿಳಿದು ಗ್ರೀಸು ಬಳಿದುಕೊಂಡು ಕೂತಿರುತ್ತೇನೆ, ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ನಿಂತೇ ಇರುತ್ತಾಳೆ. ಮೊನ್ನೆ ಅವಳು, "ಭಾನುವಾರ ಆದ್ರೂ ಮಕ್ಕಳಿಗೆ ಮುಖ ತೋರ್ಸಿ, ಇಲ್ದಿದ್ರೆ ಯಾರೋ ರಿಪೇರಿಯವನು ಬಂದಿದಾನೆ ಅಂದ್ಕೋತಾರೆ" ಅಂದಳು. ಮಗನಿಗೆ ಹತ್ತು ವರ್ಷ. ಅವನಿಗೆ ವಕೀಲ ಎಂದು ಹೆಸರಿಟ್ಟವಳು ನೀನೇ, ಈಗ ಅನುಭವಿಸುತ್ತಿರುವವರು ನಾವು. ಚಿಕ್ಕವಳಿಗೆ ಆರು ತುಂಬಿತು.

ನೀನು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುವವಳು. ರದ್ದಿಗೆ ಹೋಗುವ ಮಕ್ಕಳ ಪುಸ್ತಕಗಳಿದ್ದರೆ ಕಳಿಸು. ಯಾವ ಪುಸ್ತಕಕ್ಕೆ ಯಾವ ಜಾಗ ಎಂದು ಒಂದು ಚೀಟಿಯನ್ನೂ ಇಡು.

ಆ ಪುಸ್ತಕವೂ ಟ್ರಂಕಿನಲ್ಲಿತ್ತು, ಸುರಂಗದ್ದು. ದಾರ ಹಾಗೇ ಇದೆ, ಯಾರೂ ಕತ್ತರಿಸಿಲ್ಲ. ಬಟಾಣಿ ಹೋಗಿ ಮೂವತ್ತು ವರ್ಷವಾಯಿತು ಅಕ್ಕ. ನಮ್ಮ ಪುಟ್ಟ ತಂಗಿ ಇದ್ದಿದ್ದರೆ ಈಗ ಅವಳಿಗೇ ಮಕ್ಕಳಿರುತ್ತಿದ್ದವು. ಪುಸ್ತಕವನ್ನು ಕಪಾಟಿನ ತಲೆಯ ಮೇಲೆ ಎತ್ತಿಟ್ಟಿದ್ದೇನೆ. ಅಮ್ಮನಿಗೆ ಹೇಳಿಲ್ಲ.

ನಿನ್ನ ತಮ್ಮ


ಫೆಬ್ರವರಿ ೧೨

ತಮ್ಮಾ,

ನಿನ್ನ ಕಾಗದ ಬಂದಾಗ ನಾನು ಮೊಣಕೈವರೆಗೆ ಮೈದಾ ಅಂಟಿನಲ್ಲಿ ಮುಳುಗಿದ್ದೆ. ಈ ಊರಿನ ಮಕ್ಕಳು ಪುಸ್ತಕ ಓದುತ್ತವೋ ಅಗಿಯುತ್ತವೋ ತಿಳಿಯದು. ಅಂಚುಗಳಲ್ಲಿ ಹಲ್ಲಿನ ಗುರುತು ಇರುತ್ತದೆ.

ಯೋಚನೆ ಒಳ್ಳೆಯದೇ. ಒಂದು ಪುಸ್ತಕ ಕಳಿಸಿದ್ದೇನೆ, ಮೂರು ಮಕ್ಕಳು ಒಂದು ದ್ವೀಪದಲ್ಲಿ ಸಿಕ್ಕಿಹಾಕಿಕೊಂಡು ಒಂದು ವಾರ ಕಳೆಯುವ ಕಥೆ. ಹೊಸ ರಟ್ಟು ಹಾಕಿದ್ದೇನೆ, ಮೂವತ್ತೆಂಟನೇ ಪುಟ ಮಾತ್ರ ಇಲ್ಲ, ಅದನ್ನು ನೀನೇ ಕಟ್ಟಿ ಹೇಳು. ಇದಕ್ಕೆ ತಕ್ಕ ಜಾಗ ನಿಮ್ಮ ಪಾರ್ಕಿನ ಕೊಳ, ನಡುವೆ ಬಾತುಕೋಳಿಗಳ ದಿಬ್ಬ ಇದೆಯಲ್ಲ, ಅದು. ಸುತ್ತ ಬೇಲಿ ಇದೆ, ನೀರು ಮೊಣಕಾಲು ದಾಟುವುದಿಲ್ಲ, ನಾನು ಕಳೆದ ಸಲ ಬಂದಾಗ ನೋಡಿದ್ದೇನೆ.

ಒಂದೇ ಮಾತು. ಕೊನೆಯ ಅಧ್ಯಾಯ ಕಟ್ಟಬೇಡ. ಪುಸ್ತಕ ಮನೆಯಲ್ಲೇ ಪೂರ್ತಿ ಓದಿಸಿ, ಆಮೇಲೆ ಕರೆದುಕೊಂಡು ಹೋಗು. ಮಕ್ಕಳಿಗೆ ಕೊನೆ ಗೊತ್ತಿರಬೇಕು. ಅಪ್ಪನ ಎಲ್ಲ ಅಭ್ಯಾಸಗಳನ್ನೂ ನಾವು ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಆ ಇನ್ನೊಂದು ಪುಸ್ತಕವನ್ನು ಮಕ್ಕಳಿರುವ ಮನೆಯಲ್ಲಿ ಇಡಬೇಡ. ನನಗೆ ಕಳಿಸಿಬಿಡು, ಹುಳ ಹಿಡಿದಿರುತ್ತದೆ, ಮದ್ದು ಹಾಕಿ ಇಡುತ್ತೇನೆ.

ಅಕ್ಕ


ಮಾರ್ಚ್ ೧

ಪ್ರೀತಿಯ ಅಕ್ಕನಿಗೆ,

ಭಾನುವಾರ ದ್ವೀಪಯಾತ್ರೆ ಸಾಂಗವಾಗಿ ಮುಗಿಯಿತು. ಅಮ್ಮನೂ ಬಂದಿದ್ದಳು, ಬೆಂಚಿನ ಮೇಲೆ ಕೂತು ಹೋಗಿಬರುವವರ ಚಪ್ಪಲಿಗಳ ಬಗ್ಗೆ ಟೀಕೆ ಮಾಡಿದಳು. ವಕೀಲನ ವಾದ ಏನೆಂದರೆ, ದಡದಿಂದ ಕೂಗಿದರೆ ಕೇಳಿಸುವ ಜಾಗಕ್ಕೆ ದ್ವೀಪ ಎನ್ನುವಂತಿಲ್ಲ. "ಅಲ್ಲಿ ಸಿಕ್ಕಿಹಾಕ್ಕೊಂಡ್ರೆ ಚಪ್ಪಲಿ ಕೈಲಿ ಹಿಡ್ಕೊಂಡು ನಡ್ಕೊಂಡ್ ಬರಬಹುದು, ಇದೇನ್ ಸಾಹಸ?" ಅಂದ. ಬಾತುಕೋಳಿಗಳು ನಮ್ಮ ಬ್ರೆಡ್ಡನ್ನೆಲ್ಲ ತಿಂದವು. ನಿನ್ನ ಮಾತು ಮೀರಿ ಕೊನೆಯ ಅಧ್ಯಾಯ ಕಟ್ಟಿದ್ದೆ, ಬೈಯಬೇಡ. ದಾರ ಕತ್ತರಿಸುವಾಗ ಇಬ್ಬರೂ ಉಸಿರು ಬಿಗಿ ಹಿಡಿದಿದ್ದರು. ಆ ಮುಖಗಳನ್ನು ನೋಡಬೇಕಿತ್ತು ನೀನು.

ಒಂದು ವಿಷಯ ನಿನಗೆ ಮಾತ್ರ ಬರೆಯುತ್ತೇನೆ. ನಾನು ಚಿಕ್ಕವಳ ಕೈ ಹಿಡಿಯಲಿಲ್ಲ. ಹಿಡಿಯಲು ಆಗುವುದಿಲ್ಲ. ರಸ್ತೆ ದಾಟುವಾಗಲೂ ನನ್ನ ಬೆಲ್ಟು ಹಿಡಿದುಕೋ ಎನ್ನುತ್ತೇನೆ, ಅವಳು ಹಾಗೇ ಜೋತುಬಿದ್ದು ಬರುತ್ತಾಳೆ. ಹೆಂಡತಿ ನಗುತ್ತಾಳೆ. ಆ ದಿನ ಅಪ್ಪ ಬಟಾಣಿಯ ಕೈಯನ್ನು ನನ್ನ ಕೈಯಲ್ಲಿಟ್ಟು "ಬಿಡಬೇಡ ಕಣೋ" ಅಂದಿದ್ದರು. ಒಂಬತ್ತು ವರ್ಷದವನು ನಾನು, ಕಲ್ಲಿನ ಮೇಲೆ ಓತಿಕ್ಯಾತ ಕಂಡಿತು, ಬಿಟ್ಟೆ. ಅಷ್ಟರಲ್ಲಿ ಅವಳಿರಲಿಲ್ಲ.

ನೀನು ಗಮನಿಸಿದ್ದೆಯೋ ಇಲ್ಲವೋ, ಆಮೇಲೆ ಅಪ್ಪ ನನ್ನ ಕೈಗೆ ಏನನ್ನೂ ಕೊಡಲಿಲ್ಲ. ನೀರಿನ ಲೋಟ, ಬೀಗದ ಕೈ, ಸ್ಕೂಲಿನ ಚೀಟಿ, ಏನೇ ಆಗಲಿ, ಮೇಜಿನ ಮೇಲಿಟ್ಟು ಅವರು ಕೈ ಹಿಂದಕ್ಕೆ ತೆಗೆದುಕೊಂಡ ಮೇಲೆ ನಾನು ಎತ್ತಿಕೊಳ್ಳಬೇಕು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರ ಕನ್ನಡಕ ತೆಗೆದು ಕೊಡುವಾಗಲೂ ನನ್ನ ಚಾಚಿದ ಕೈ ಬಿಟ್ಟು ಹಾಸಿಗೆಯ ಮೇಲಿಟ್ಟರು.

ಸಾಕು, ಇನ್ನು ನಗುವ ವಿಷಯ. ಚಿಕ್ಕವಳಿಗೆ ಈಗ ಹೊಸ ಶಿಸ್ತು ಬಂದಿದೆ. ಯಾವ ಬಾಗಿಲಾದರೂ ಮೂರು ಸಲ ತಟ್ಟಿ, ನಿಂತು, ಆಮೇಲೆ ಒಳಗೆ ಹೋಗುತ್ತಾಳೆ. ಸ್ನಾನದ ಮನೆಗೂ ಹಾಗೇ, ಬಟ್ಟೆಯ ಕಪಾಟಿಗೂ ಹಾಗೇ. ನಿನ್ನೆ ಫ್ರಿಜ್ಜಿಗೂ ತಟ್ಟಿದಳು. ನಮ್ಮ ಮನೆಯಲ್ಲಿ ಇಷ್ಟು ಮರ್ಯಾದೆ ಇದ್ದವರು ಇವಳೊಬ್ಬಳೇ.

ನಿನ್ನ ತಮ್ಮ


ಮಾರ್ಚ್ ೫

ತಮ್ಮಾ,

ಅವಳಿಗೆ ಮೂರು ಸಲ ತಟ್ಟುವುದನ್ನು ಯಾರು ಹೇಳಿಕೊಟ್ಟರು? ವಿಚಾರಿಸಿ ಕೂಡಲೇ ಬರೆ. ಸ್ಕೂಲಿನಲ್ಲೋ, ಅಮ್ಮನೋ, ಪಕ್ಕದ ಮನೆಯವರೋ, ಸರಿಯಾಗಿ ಕೇಳು. ಬಾಗಿಲು ತಟ್ಟುವುದು ಒಳ್ಳೆಯ ಅಭ್ಯಾಸ ಎಂದು ಬಿಟ್ಟುಬಿಡಬೇಡ. ಮಕ್ಕಳಿಗೆ ಇಂಥ ಚಟ ಹತ್ತಿದರೆ ಬಿಡಿಸುವುದು ಕಷ್ಟ.

ಕಾಡಿನ ಕಥೆಯ ಪುಸ್ತಕ ಕಳಿಸಿದ್ದೇನೆ. ತಕ್ಕ ಜಾಗ: ರಸ್ತೆಯಂಚಿನ ಗಿಡ ಮಾರುವ ನರ್ಸರಿ. ಸಾಲಾಗಿ ಕುಂಡಗಳಿರುತ್ತವೆ, ಮಾಲಿ ಇರುತ್ತಾನೆ, ಗೇಟು ಒಂದೇ. ವಕೀಲ ಇದು ಕಾಡೇ ಅಲ್ಲ ಎಂದು ವಾದಿಸಿದರೆ ವಾದಿಸಲಿ.

ಅಪ್ಪನ ವಿಷಯ ಓದಿದೆ. ಅಪ್ಪನಿಗೆ ಕೊನೆಕೊನೆಗೆ ಕೈ ನಡುಗುತ್ತಿತ್ತು, ಯಾರ ಕೈಗೂ ಏನೂ ಕೊಡುತ್ತಿರಲಿಲ್ಲ. ನೀನು ಇಲ್ಲದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಪುಸ್ತಕ ಇನ್ನೂ ಬರಲಿಲ್ಲ. ಕಳಿಸು ಅಂದೆನಲ್ಲ.

ಅಕ್ಕ


ಮಾರ್ಚ್ ೨೨

ಪ್ರೀತಿಯ ಅಕ್ಕನಿಗೆ,

ಅಪ್ಪನಿಗೆ ಕೈ ನಡುಗಲು ಶುರುವಾದದ್ದು ಎರಡು ವರ್ಷದ ಹಿಂದೆ. ನಾನು ಮೂವತ್ತು ವರ್ಷದ ಮಾತು ಹೇಳುತ್ತಿದ್ದೇನೆ. ಇರಲಿ ಬಿಡು.

ಭಾನುವಾರ ನರ್ಸರಿಗೆ ಹೋಗಿದ್ದೆವು. ವಕೀಲ ಒಂದು ಗಿಡದ ಬೆಲೆ ಚೀಟಿ ಓದಿ, "ಯಾವ ಕಾಡಲ್ಲಿ ಹುಲಿ ಬಿಲ್ ಹಾಕತ್ತೆ?" ಅಂದ. ಮಾಲಿಯೇ ನಕ್ಕುಬಿಟ್ಟ. ಚಿಕ್ಕವಳು ಸಾಮಾನಿನ ತಗಡಿನ ಶೆಡ್ಡಿನ ಮುಂದೆ ನಿಂತುಬಿಟ್ಟಿದ್ದಳು. ತಟ್ಟುವುದು, ಕಿವಿಗೊಡುವುದು, ಮತ್ತೆ ತಟ್ಟುವುದು. ನಾನು ಕರೆದೆ. ಓಗೊಡಲಿಲ್ಲ. ಅವಳಮ್ಮ ಕರೆದಳು. ಆಗಲೂ ಇಲ್ಲ. ಹತ್ತಿರ ಹೋಗಿ ಕೇಳಿದ್ದಕ್ಕೆ, "ಕರೆದಾಗ ಮಾತಾಡಬಾರದು ಅಪ್ಪಾ, ಮಾತಾಡಿದ್ರೆ ಬಾಗಿಲು ತೆಗೆಯಲ್ಲ" ಅಂದಳು. ಯಾರು ಹೇಳಿದರು ಎಂದು ನೀನು ಕೇಳಿದ್ದೆಯಲ್ಲ, ಕೇಳಿದೆ. "ಬಾಗಿಲಿನ ಪುಸ್ತಕದಲ್ಲಿ ಹಾಗಿದೆ" ಅಂದಳು. ಯಾವ ಬಾಗಿಲಿನ ಪುಸ್ತಕ? ನೀನು ಕಳಿಸಿದ ಎರಡರಲ್ಲೂ ಬಾಗಿಲೇ ಇಲ್ಲ. ಮನೆಗೆ ಬಂದ ಮೇಲೆ ಅವಳು ಕಪಾಟಿನ ತಲೆಗೆ ಕೈ ತೋರಿಸಿದಳು. ಅಲ್ಲಿರುವುದನ್ನು ಅವಳು ನೋಡಿರಲು ಸಾಧ್ಯವೇ ಇಲ್ಲ, ನನಗೇ ಸ್ಟೂಲು ಬೇಕು.

ಹೆದರಿಕೊಂಡು ಎಷ್ಟು ದಿನ ಇರುವುದು ಹೇಳು? ಪುಸ್ತಕ ಇಳಿಸಿದೆ. ದಿನಕ್ಕೊಂದು ಅಧ್ಯಾಯ ಓದುತ್ತಿದ್ದೇನೆ. ಸುರಂಗದೊಳಗಿಂದ ಟಕ್ ಟಕ್ ಎಂದು ಸದ್ದು ಬರುತ್ತದೆ, ಮಕ್ಕಳು ಹುಡುಕಿಕೊಂಡು ಒಳಗೆ ಹೋಗುತ್ತಾರೆ, ಅಲ್ಲಿಗೆ ದಾರ. ನೀನಾದರೂ ಕೊನೆಯ ಅಧ್ಯಾಯ ಓದಿದ್ದೀಯಾ? ಅದರಲ್ಲಿ ಬಾಗಿಲೇನಾದರೂ ಇದೆಯಾ?

ಏಪ್ರಿಲ್ ೯ರ ಭಾನುವಾರ ಎಲ್ಲರನ್ನೂ ಆ ಸುರಂಗದ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ. ರೈಲು ನಿಂತು ಎಷ್ಟೋ ವರ್ಷವಾಯಿತು, ಬಾಯಿಗೆ ಕಂಬಿಯ ಗೇಟು ಹಾಕಿ ಬೀಗ ಹಾಕಿದ್ದಾರಂತೆ. ಹೊರಗೆ ಕೂತು ದಾರ ಕತ್ತರಿಸಿ, ಓದಿ ಮುಗಿಸಿ ಬರುತ್ತೇವೆ. ಮುಗಿಸಬೇಕು ಅಕ್ಕ. ನೀನೂ ಬಾ.

ನಿನ್ನ ತಮ್ಮ


ಮಾರ್ಚ್ ೨೯

ತಮ್ಮಾ,

ಹೋಗಬೇಡ.

ಆ ಪುಸ್ತಕದ ಕೊನೆ ನಮ್ಮಲ್ಲಿ ಯಾರೂ ಓದಿಲ್ಲ, ಓದುವ ಅಗತ್ಯವೂ ಇಲ್ಲ. ಬಾಗಿಲಂತೆ, ಗೀಗಿಲಂತೆ! ಆರು ವರ್ಷದ ಮಗು ಏನೋ ಒದರಿತು ಎಂದು ಸಂಸಾರ ಕಟ್ಟಿಕೊಂಡು ಅಲ್ಲಿಗೆ ಹೊರಟಿದ್ದೀಯಲ್ಲ, ನಿನಗೆ ತಲೆ ನೆಟ್ಟಗಿದೆಯೇ? ಮೂವತ್ತು ವರ್ಷ ಆ ದಾರಿ ತುಳಿಯದ ಅಮ್ಮನನ್ನೂ ಎಳೆದುಕೊಂಡು ಹೋಗುತ್ತೀಯಾ?

ಆ ಪುಸ್ತಕ ಒಲೆಗೆ ಹಾಕು. ಚಿಕ್ಕವಳನ್ನು ಯಾರಾದರೂ ಡಾಕ್ಟರಿಗೆ ತೋರಿಸು.

ನೀನು ಕೇಳುವುದಿಲ್ಲ ಎಂದು ನನಗೆ ಗೊತ್ತು, ಅದಕ್ಕೇ ಹೇಳಿಬಿಡುತ್ತೇನೆ. ಒಂದು ಮಗುವಿನ ಕೈಯನ್ನು ನೀನು ಅಲ್ಲಿ ಒಮ್ಮೆ ಬಿಟ್ಟಿದ್ದೀಯ. ಅದೇ ಜಾಗಕ್ಕೆ ಇನ್ನೊಂದು ಮಗುವನ್ನು ಕರೆದುಕೊಂಡು ಹೋಗಲು ನಿನಗೆ ಯಾವ ಮುಖ ಇದೆ?

ಅಕ್ಕ


ಏಪ್ರಿಲ್ ೪

ಅಕ್ಕಾ,

ಮೂವತ್ತು ವರ್ಷದಲ್ಲಿ ಈ ಮಾತನ್ನು ಬಾಯಿ ಬಿಟ್ಟು ಆಡಿದವಳು ನೀನೊಬ್ಬಳೇ. ಅಪ್ಪ ಕೂಡ ಆಡಲಿಲ್ಲ.

ನೀನು ಹೇಳಿದ್ದು ಸರಿ, ಬಿಟ್ಟವನು ನಾನೇ. ಅದಕ್ಕೇ ಹೋಗುತ್ತಿದ್ದೇನೆ. ಅಮ್ಮ ಬರುವುದಿಲ್ಲ, ಪಕ್ಕದ ಮನೆಯವರ ಹತ್ತಿರ ಇರುತ್ತಾಳೆ. ಭಾನುವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇವೆ.

ಇನ್ನು ಪುಸ್ತಕ ಕಳಿಸುವುದು ಬೇಡ.

ತಮ್ಮ


ತಂತಿ, ಏಪ್ರಿಲ್ ೮

ಹೋಗಬೇಡಿ. ತಪ್ಪು ನನ್ನದು ನಿನ್ನದಲ್ಲ. ಕಾಗದ ಬರುತ್ತಿದೆ. ಅಕ್ಕ.


ಏಪ್ರಿಲ್ ೮

ತಮ್ಮಾ,

ತಂತಿ ಕೊಟ್ಟು ಬಂದು ಬೈಂಡಿಂಗ್ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದ ಇವತ್ತು ಮಧ್ಯಾಹ್ನ ಕೈಸೇರಿತು. ತಂತಿ ನಿನಗೆ ಹೊರಡುವುದರೊಳಗೆ ಸಿಕ್ಕಿರಲಿ ಎಂದು ಬೇಡುತ್ತಿದ್ದೇನೆ. ಯಾರನ್ನು ಬೇಡುತ್ತಿದ್ದೇನೋ ಗೊತ್ತಿಲ್ಲ.

ಆ ಕೊನೆಯ ಅಧ್ಯಾಯವನ್ನು ನಾನು ಓದಿದ್ದೇನೆ. ಅದೊಂದೇ ಅಲ್ಲ, ಎಲ್ಲ ಪುಸ್ತಕಗಳದ್ದೂ. ಶನಿವಾರ ಅಪ್ಪ ಸ್ನಾನಕ್ಕೆ ಹೋದ ಕೂಡಲೇ ಅಮ್ಮನ ಸೂಜಿಯಿಂದ ಗಂಟು ಸಡಿಲಿಸಿ, ಓದಿ, ಅದೇ ತೂತುಗಳಲ್ಲಿ ಮತ್ತೆ ದಾರ ಹಾಕಿ, ಅಪ್ಪನ ಗಂಟನ್ನೇ ಹಾಕುತ್ತಿದ್ದೆ. ಅಪ್ಪನಿಗೆ ಒಮ್ಮೆಯೂ ತಿಳಿಯಲಿಲ್ಲ. ಹನ್ನೆರಡು ವರ್ಷದವಳಿಗೆ ಎಷ್ಟು ಜಂಬ ಅಂತೀಯ! ಭಾನುವಾರ ನೀವೆಲ್ಲ ಬಾಯಿ ಬಿಟ್ಟುಕೊಂಡು ಕೇಳುವಾಗ ನಾನೊಬ್ಬಳೇ ಗೊತ್ತಿದ್ದವಳು.

ಸುರಂಗದ ಪುಸ್ತಕದ ಕೊನೆಯಲ್ಲಿ ಏನೂ ಇಲ್ಲ. ಆ ಟಕ್ ಟಕ್ ಸದ್ದು ಒಂದು ತಗಡಿನ ಮೇಲೆ ಬೀಳುತ್ತಿದ್ದ ನೀರಿನ ಹನಿ. ಮಕ್ಕಳು ನಕ್ಕು ಮನೆಗೆ ವಾಪಸಾಗುತ್ತಾರೆ. ನನಗೆ ತೀರಾ ಸಪ್ಪೆ ಅನಿಸಿತು. ಆ ರಾತ್ರಿ ಬಟಾಣಿ ನನ್ನ ಹೊದಿಕೆಯೊಳಗೆ ನುಸುಳಿ, "ಅಕ್ಕಾ, ನಂಗೊಬ್ಳಿಗೇ ಹೇಳು, ಒಳಗೆ ಏನಿದೆ?" ಅಂತ ಪೀಡಿಸಿದಳು. ಅವಳಿಗೆ ನೀರಿನ ಹನಿ ಎಂದು ಹೇಳಲು ಮನಸ್ಸು ಬರಲಿಲ್ಲ. ಒಳಗೆ ಒಂದು ಬಾಗಿಲಿದೆ ಅಂದೆ. ಮೂರು ಸಲ ತಟ್ಟಿ ಕಾಯಬೇಕು, ತೆಗೆಯದಿದ್ದರೆ ಮತ್ತೆ ಮೂರು ಸಲ ತಟ್ಟಬೇಕು ಅಂದೆ. ದೊಡ್ಡವರು ಕರೆದರೆ ಓಗೊಡಬಾರದು, ಓಗೊಟ್ಟರೆ ಬಾಗಿಲು ತೆಗೆಯುವುದೇ ಇಲ್ಲ ಅಂದೆ. ಎಷ್ಟು ಚೆನ್ನಾಗಿ ಕಟ್ಟಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಸುರಂಗದ ತಿರುವಿನಲ್ಲಿ ನಿಜವಾಗಿ ಒಂದು ಕಬ್ಬಿಣದ ಬಾಗಿಲಿತ್ತು ಎಂದು ನನಗೆ ಹೇಗೆ ಗೊತ್ತಿರಬೇಕು? ರೈಲಿನವರು ಸಾಮಾನು ಇಡುತ್ತಿದ್ದ ಗೂಡು, ಅದರ ನೆಲ ಕುಸಿದು ನೀರು ತುಂಬಿದ ಹೊಂಡವಾಗಿತ್ತು ಎಂದು ಯಾರಿಗೆ ಗೊತ್ತಿತ್ತು? ಅಪ್ಪ ಟಾರ್ಚು ಹಿಡಿದು ತಿರುವಿನವರೆಗೂ ಹೋಗಿ ಅವಳ ಹೆಸರು ಕೂಗಿದರು. ಅವಳು ತಿರುವಿನ ಮರೆಯಲ್ಲೇ ಇದ್ದಳು. ನಾನು ಹೇಳಿದಂತೆ ಓಗೊಡಲಿಲ್ಲ. ಒಳಗಿಲ್ಲ ಎಂದುಕೊಂಡು ಅಪ್ಪ ಹೊಳೆಯ ಕಡೆ ಓಡಿದರು, ನಾನೂ ಅಮ್ಮನೂ ರಸ್ತೆಯ ಕಡೆ ಓಡಿದೆವು. ಸಂಜೆ ರೈಲಿನವರು ಅವಳನ್ನು ಹೊರಗೆ ತಂದಾಗ ಎಲ್ಲಿ ಸಿಕ್ಕಿದಳು ಎಂದು ಒಬ್ಬ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಆ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು.

ಹೇಳಲಿಲ್ಲ. ಅಷ್ಟರಲ್ಲಿ ಎಲ್ಲರೂ ನಿನ್ನ ಕಡೆ ನೋಡುತ್ತಿದ್ದರು. ನೀನು "ನಾನು ಕೈ ಬಿಟ್ಟೆ" ಎಂದು ಅಳುತ್ತಿದ್ದೆ. ನಾನು ಸುಮ್ಮನಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ಹಾಗೆ ಮೂವತ್ತು ವರ್ಷ ನಾಳೆ ಎಂದೆ. ಅಪ್ಪ ಲೋಟವನ್ನು ಮೇಜಿನ ಮೇಲಿಡುವುದನ್ನು ನಾನು ನೋಡಿದ್ದೇನೆ. ಪ್ರತಿ ಸಲವೂ ನೋಡಿದ್ದೇನೆ. ಈ ಊರಿನಲ್ಲಿ ಕೆಲಸ ಹಿಡಿದದ್ದೇ ಅದನ್ನು ನೋಡಲಾರದೆ. ಈಗ ಮೊನ್ನೆ, ನಿನ್ನನ್ನು ತಡೆಯಲು ಬೇರೆ ದಾರಿ ಕಾಣದೆ, ನನ್ನ ತಪ್ಪನ್ನೇ ನಿನ್ನ ಮುಖಕ್ಕೆ ಎಸೆದೆ.

ಆ ಮಾತುಗಳನ್ನು ನಾನು ಬಟಾಣಿಗಲ್ಲದೆ ಭೂಮಿಯ ಮೇಲೆ ಯಾರಿಗೂ ಹೇಳಿಲ್ಲ. ಚಿಕ್ಕವಳಿಗೆ ಯಾರು ಹೇಳಿದರು ಎಂದು ನಾನು ಕೇಳಿದ್ದು ಅದಕ್ಕೆ. ನನಗೆ ಹೆದರಿಕೆಯಾಗುತ್ತಿದೆ ತಮ್ಮಾ. ಅವಳನ್ನು ಅಲ್ಲಿಂದ ದೂರ ಇಡು. ಕೈ ಹಿಡಿದುಕೋ, ನೀನು ಹಿಡಿಯಬಹುದು. ನೀನು ಬಿಟ್ಟಿದ್ದರಿಂದ ಅವಳು ಹೋದದ್ದಲ್ಲ, ನಾನು ಕಳಿಸಿದ್ದರಿಂದ ಹೋದಳು.

ನಿನಗೆ ಸ್ವಲ್ಪವಾದರೂ ಹಗುರವಾಗಲಿ ಎಂದು ಬರೆದೆ. ಕ್ಷಮಿಸು ಎಂದು ಕೇಳಲು ನನಗೇ ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಅಕ್ಕ


ಏಪ್ರಿಲ್ ೨೬

ಅಕ್ಕಾ,

ಉತ್ತರಕ್ಕೆ ತಡವಾಯಿತು. ಎರಡು ಸಲ ಬರೆದು ಹರಿದೆ.

ತಂತಿ ನಾವು ವಾಪಸು ಬಂದಾಗ ಬಾಗಿಲ ಕೆಳಗೆ ಬಿದ್ದಿತ್ತು. ಅಷ್ಟರಲ್ಲಿ ಹೋಗಿ ಬಂದಾಗಿತ್ತು. ಯಾರಿಗೂ ಏನೂ ಆಗಿಲ್ಲ, ಮೊದಲು ಅದನ್ನು ತಿಳಿದುಕೋ. ಕಂಬಿ ಗೇಟಿಗೆ ದೊಡ್ಡ ಬೀಗವಿತ್ತು. ಹೊರಗಿನ ಕಟ್ಟೆಯ ಮೇಲೆ ಬಟ್ಟೆ ಹಾಸಿ ಕೂತೆವು. ಡಬ್ಬಿ ಬಿಚ್ಚುವಷ್ಟರಲ್ಲಿ ಚಿಕ್ಕವಳು ಎದ್ದು ಹೋಗಿ ಗೇಟಿಗೆ ಮೂರು ಸಲ ತಟ್ಟಿದಳು. ಒಳಗಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅವಳು ಕಂಬಿಗೆ ಕಿವಿಯಿಟ್ಟು ಸುಮಾರು ಹೊತ್ತು ನಿಂತಿದ್ದಳು. ಆಮೇಲೆ ತಿರುಗಿ, "ಅಣ್ಣ ಯಾಕೆ ಬರ್ಲಿಲ್ಲ ಅಂತ ಕೇಳ್ತಿದಾಳೆ" ಅಂದಳು.

ವಕೀಲ ರೇಗಿಬಿದ್ದ. "ನಾನ್ ಇಲ್ಲೇ ಇದೀನಲ್ಲೇ! ನಾನೇನ್ ಮಾಡ್ದೆ?" ಅವನಿಗೆ ತಾನೊಬ್ಬನೇ ಅಣ್ಣ ಎಂದು ಗೊತ್ತು. ನನ್ನ ಹೆಂಡತಿ ನಕ್ಕಳು. ನಾನು ಬಿಚ್ಚುತ್ತಿದ್ದ ಡಬ್ಬಿ ಮುಚ್ಚಿದೆ. ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದವಳು ಬಟಾಣಿ ಒಬ್ಬಳೇ. ಪುಸ್ತಕ ಓದಲಿಲ್ಲ. ಎಲ್ಲ ಕಟ್ಟಿಕೊಂಡು ಮುಂದಿನ ಬಸ್ಸಿಗೆ ಬಂದುಬಿಟ್ಟೆವು.

ನಿನ್ನ ಕಾಗದ ಆ ವಾರದ ಬುಧವಾರ ಬಂತು. ಓದಿದ ಮೇಲೆ ನಿನ್ನ ಮೇಲೆ ಬಂದ ಕೋಪ ಎಂಥದ್ದೆಂದು ಬರೆಯಲಾರೆ. ಅಪ್ಪ ಆಸ್ಪತ್ರೆಯಲ್ಲಿ ಒಂಬತ್ತು ದಿನ ಎಚ್ಚರವಾಗಿದ್ದರು, ನೀನು ಅವರ ತಲೆದಿಂಬಿನ ಪಕ್ಕದಲ್ಲೇ ಇದ್ದೆ. ಒಂದು ಮಾತು ಹೇಳಿದ್ದರೆ ಆ ಕನ್ನಡಕ ನನ್ನ ಕೈಗೆ ಬರುತ್ತಿತ್ತು. ಅದನ್ನು ನಾನು ಬೇಗ ಮರೆಯುವುದಿಲ್ಲ.

ಆದರೆ ತಡವಾದದ್ದು ಕೋಪದಿಂದಲ್ಲ. ನಾನೂ ಒಂದು ವಿಷಯ ಯಾರಿಗೂ ಹೇಳಿಲ್ಲ.

ಆ ದಿನ ನೀವು ರಸ್ತೆಯ ಕಡೆ, ಅಪ್ಪ ಹೊಳೆಯ ಕಡೆ ಓಡಿದಿರಲ್ಲ, ಅಪ್ಪ ನನಗೆ "ಇಲ್ಲೇ ಕೂತಿರು, ಅಲ್ಲಾಡಬೇಡ" ಅಂದಿದ್ದರು. ಸುರಂಗದ ಬಾಯಲ್ಲಿ ಚೀಲಗಳ ಪಕ್ಕ ಒಬ್ಬನೇ ಕೂತಿದ್ದೆ, ಪುಸ್ತಕ ತೊಡೆಯ ಮೇಲಿತ್ತು. ಒಳಗಿಂದ ಸದ್ದು ಬಂತು. ಟಕ್ ಟಕ್ ಟಕ್. ನಿಂತಿತು. ಮತ್ತೆ ಮೂರು. ಎಷ್ಟು ಸಲ ಎಂದು ಲೆಕ್ಕವಿಲ್ಲ. ನಾವು ವಾರವೆಲ್ಲ ಓದಿದ ಸದ್ದು ಅಕ್ಕ ಅದು! ನನಗೆ ಪುಸ್ತಕದೊಳಗಿನದೇ ಹೊರಗೆ ಬರುತ್ತಿದೆ ಅನಿಸಿತು. ಅದು ಏನೆಂದು ಕೊನೆಯ ಅಧ್ಯಾಯದಲ್ಲಿದೆ, ಅಪ್ಪ ದಾರ ಕತ್ತರಿಸುವವರೆಗೆ ಬಾಯಿ ಬಿಡುವಂತಿಲ್ಲ. ಎರಡೂ ಕಿವಿ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಕಬ್ಬಿಣ ಕಿರುಗುಟ್ಟಿದ್ದು ಕೇಳಿಸಿತು, ಕಿವಿ ಮುಚ್ಚಿದ್ದರೂ ಕೇಳಿಸಿತು. ಆಮೇಲೆ ಸದ್ದು ಬರಲಿಲ್ಲ. ಅಪ್ಪ ಬಂದು "ಏನಾದ್ರೂ ಕೇಳಿಸ್ತಾ?" ಅಂದರು. ಇಲ್ಲ ಅಂದೆ.

ಚಿಕ್ಕವಳು ತಟ್ಟುವುದನ್ನು ನಗುವ ವಿಷಯ ಎಂದು ಬರೆದೆನಲ್ಲ, ಆ ದಿನಗಳಲ್ಲಿ ನಾನು ನಿದ್ದೆ ಮಾಡುತ್ತಿರಲಿಲ್ಲ. ನೀನು ನಗುತ್ತೀಯೋ ನೋಡೋಣ ಎಂದು ಬರೆದೆ. ಸುರಂಗಕ್ಕೆ ಹೊರಟದ್ದೂ ಆ ಸದ್ದು ಏನೆಂದು ತಿಳಿಯಲಿಕ್ಕೇ. ನೀರಿನ ಹನಿ ಇರಬಹುದು, ಹಕ್ಕಿ ಇರಬಹುದು, ನನ್ನ ಭ್ರಮೆಯೇ ಇರಬಹುದು ಎಂದು ಮೂವತ್ತು ವರ್ಷ ಹೇಗೋ ತಳ್ಳಿದ್ದೆ. ಈಗ ನೀನು ಅದು ಏನೆಂದು ಬರೆದು ಕಳಿಸಿದೆ. ಅವಳು ಬದುಕಿದ್ದಳು, ತಟ್ಟುತ್ತಿದ್ದಳು, ನಾನು ಹದಿನೈದು ಹೆಜ್ಜೆ ದೂರದಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದೆ. ನಿನ್ನ ಕಾಗದದಿಂದ ನನಗೆ ಹಗುರವಾಗಲಿಲ್ಲ ಅಕ್ಕ.

ಚಿಕ್ಕವಳು ಈಗ ತಟ್ಟುವುದನ್ನು ಬಿಟ್ಟಿದ್ದಾಳೆ. ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತಿರುತ್ತಾಳೆ, ಯಾರಾದರೂ ತೆಗೆಯಲಿ ಎಂದು. ಕೆಲಸದಿಂದ ಬಂದ ಕೂಡಲೇ ನಾನು ಮನೆಯ ಬಾಗಿಲುಗಳನ್ನೆಲ್ಲ ತೆಗೆದಿಡುತ್ತೇನೆ.

ಅಮ್ಮನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದಿದ್ದೇನೆ, ನಿನ್ನದನ್ನೂ ನನ್ನದನ್ನೂ. ಅವಳು ಸಾಯುವುದರೊಳಗೆ ಯಾರಾದರೂ ಹೇಳಬೇಕು.

ತಮ್ಮ


ಏಪ್ರಿಲ್ ೩೦

ತಮ್ಮಾ,

ನಿನ್ನೆ ನಿನ್ನ ಕಾಗದ ಓದಿ ಎದ್ದು ಹೋಗಿ ರಜೆ ಬರೆದುಕೊಟ್ಟು ಬಂದೆ. ಹದಿನೇಳು ವರ್ಷದಲ್ಲಿ ಮೊದಲ ಸಲ ಇಷ್ಟು ರಜೆ ಕೇಳಿದ್ದು, ಮೇಲ್ವಿಚಾರಕಿಯೇ ಗಾಬರಿಯಾದಳು. ಶನಿವಾರದ ರೈಲಿಗೆ ಬರುತ್ತಿದ್ದೇನೆ.

ನೀನು ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. ಮನೆಗೆ ಬಂದಾಗ ಮಾತಾಡಿಸದಿದ್ದರೂ ಸರಿ, ಅಡಿಗೆಮನೆಯಲ್ಲಿ ಮಲಗುತ್ತೇನೆ. ಆದರೆ ಒಂದು ಮಾತು ನಡೆಸಿಕೊಡು. ನೀನು ಕೇಳಿಸಿಕೊಂಡ ಆ ಸದ್ದಿನ ವಿಷಯ ಅಮ್ಮನಿಗೆ ಹೇಳಬೇಡ. ಹೆಂಡತಿಗೂ ಹೇಳಬೇಡ. ನೀನು ಒಂಬತ್ತು ವರ್ಷದವನು, ಹೇಳಿದಲ್ಲಿ ಹೇಳಿದ ಹಾಗೆ ಕೂತಿದ್ದೆ, ಅಪ್ಪ ಹಾಕಿದ ನಿಯಮವನ್ನು ನಮ್ಮ ಮೂವರಲ್ಲಿ ಮುರಿಯದೆ ಉಳಿಸಿಕೊಂಡವನು ನೀನೊಬ್ಬನೇ. ಅದಕ್ಕೆ ನಿನಗೆ ಈ ಶಿಕ್ಷೆ. ನಾನು ಬಾಗಿಲಿನ ಮಾತನ್ನು ಆಗಲೇ ಕೂಗಿ ಹೇಳಿದ್ದರೆ ನೀನು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. ಅದೂ ನನ್ನದೇ. ಆ ಸದ್ದನ್ನು ನನಗೆ ಕೊಟ್ಟುಬಿಡು. ನನ್ನ ತಪ್ಪನ್ನು ನೀನು ಮೂವತ್ತು ವರ್ಷ ಹೊತ್ತೆ, ಇನ್ನು ಎಷ್ಟು ವರ್ಷ ಇರುತ್ತೇನೋ ಅಷ್ಟು ವರ್ಷ ನಿನ್ನದನ್ನು ನಾನು ಹೊರುತ್ತೇನೆ. ಅಮ್ಮನಿಗೆ ಗೊತ್ತಾಗಬೇಕಾದ್ದು ನನ್ನ ಸುಳ್ಳು ಮಾತ್ರ. ಅದನ್ನು ನಾನೇ ಹೇಳುತ್ತೇನೆ, ನನ್ನ ಬಾಯಿಂದಲೇ.

ಅವಳು ಏನು ಮಾಡುತ್ತಾಳೋ ತಿಳಿಯದು. ನಲವತ್ತೆರಡು ವರ್ಷದ ಹೆಂಗಸು ಅಮ್ಮ ಹೊಡೆದಾಳು ಎಂದು ಹೆದರುತ್ತಿದ್ದೇನೆ. ಹೊಡೆದರೆ ಒಳ್ಳೆಯದೇ.

ರೈಲು ಹನ್ನೊಂದಕ್ಕೆ ತಲುಪುತ್ತದೆ, ಸ್ಟೇಷನ್ನಿಗೆ ಯಾರೂ ಬರುವುದು ಬೇಡ. ಅಮ್ಮನ ಊಟ ಮುಗಿದ ಮೇಲೆ ಹೇಳುತ್ತೇನೆ, ಖಾಲಿ ಹೊಟ್ಟೆಯಲ್ಲಿ ಕೇಳುವ ಮಾತಲ್ಲ ಅದು. ಮಕ್ಕಳನ್ನು ಅವರಮ್ಮನ ಜೊತೆ ಹೊರಗೆ ಕಳಿಸಿಬಿಡು. ನೀನು ಮಾತ್ರ ಇರು. ನನ್ನ ಪಕ್ಕದಲ್ಲಿ ಕೂರಬೇಡ, ಅಮ್ಮನ ಪಕ್ಕದಲ್ಲಿ ಕೂತಿರು.

ಅಕ್ಕ